ಜೇಮ್ಸ್ ಮ್ಯಾಡಿಸನ್: ಕೇಂದ್ರ ಮತ್ತು ರಾಜ್ಯಗಳ ನಡುವೆ

ಜೇಮ್ಸ್ ಮ್ಯಾಡಿಸನ್ ಕುಳ್ಳು ದೇಹದ, ಕ್ಷೀಣ ಕಂಠದ ಮನುಷ್ಯ. ಸಭೆಯಲ್ಲಿ ಮಾತಿಗೆ ನಿಂತರೆ ಅನೇಕರಿಗೆ ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ. ಆದರೂ ಅಮೆರಿಕೆಯ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗದ ಜನಕನೆಂಬ ಕೀರ್ತಿ ಸಂದುದು ಈತನಿಗೇ. ಕೇಂದ್ರಕ್ಕೆ ಎಷ್ಟು ಅಧಿಕಾರ, ರಾಜ್ಯಗಳಿಗೆ ಎಷ್ಟು ಎಂಬ ಪ್ರಶ್ನೆ ಅವನನ್ನು ಅರ್ಧ ಶತಮಾನ ಕಾಡಿತು. ಒಮ್ಮೆ ಕೇಂದ್ರದ ಪಕ್ಷವನ್ನೂ ಮತ್ತೊಮ್ಮೆ ರಾಜ್ಯಗಳ ಪಕ್ಷವನ್ನೂ ಹಿಡಿದನೆಂದು ಅವನನ್ನು ಚಂಚಲನೆಂದು ಜರೆದವರುಂಟು. ಈ ಆಪಾದನೆಯಲ್ಲಿ ಎಷ್ಟು ತಿರುಳಿದೆಯೆಂಬುದನ್ನು ಅವನ ಜೀವನವೇ ಹೇಳಬೇಕು.

ಮ್ಯಾಡಿಸನ್ ಹುಟ್ಟಿದ್ದು 1751ರಲ್ಲಿ, ವರ್ಜೀನಿಯದ ಸಿರಿವಂತ ಜಮೀನುದಾರರ ಮನೆತನದಲ್ಲಿ. ಇಂಗ್ಲೆಂಡಿನ ನೊಗವನ್ನು ಕಳಚಿದ 13 ರಾಜ್ಯಗಳು ಕಟ್ಟಿಕೊಂಡ ಮೊದಲ ಒಕ್ಕೂಟ ಬಲು ಸಡಿಲವಾದುದು. ಅದರ ಕಾಂಗ್ರೆಸ್ಸಿಗೆ ತೆರಿಗೆ ವಿಧಿಸುವ ಅಧಿಕಾರವಿರಲಿಲ್ಲ. ಯುದ್ಧದ ಸಾಲವನ್ನು ತೀರಿಸಲು ರಾಜ್ಯಗಳ ಮುಂದೆ ಕೈಯೊಡ್ಡಬೇಕಾಗಿತ್ತು. ಆಮದು ಸರಕಿನ ಮೇಲೆ ನೂರಕ್ಕೆ 5ರಂತೆ ಸುಂಕ ವಿಧಿಸುವ ಸಲಹೆಯನ್ನು 1782ರಲ್ಲಿ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ ಒಲ್ಲೆನೆಂದಿತು. ಎಲ್ಲ ರಾಜ್ಯಗಳೂ ಒಪ್ಪಲೇಬೇಕಾಗಿದ್ದುದರಿಂದ ಯೋಜನೆ ಮುರಿದುಬಿತ್ತು. ಕಾಂಗ್ರೆಸ್ಸಿನ ಸದಸ್ಯನಾಗಿ ಈ ದೈನ್ಯವನ್ನು ಕಣ್ಣಾರೆ ಕಂಡ ಮ್ಯಾಡಿಸನ್, ಮಿತ್ರ ಜೆಫರ್‌ಸನ್ ಪ್ಯಾರಿಸಿನಿಂದ ಕಳುಹಿಸಿದ ಗ್ರಂಥಗಳ ನೆರವಿನಿಂದ ಗ್ರೀಸ್, ಸ್ವಿಟ್ಜರ್ಲೆಂಡ್, ಹಾಲೆಂಡ್‌ಗಳ ಒಕ್ಕೂಟಗಳ ಚರಿತ್ರೆಯನ್ನು ವ್ಯಾಸಂಗ ಮಾಡಿದನು. ಕೇಂದ್ರ ದುರ್ಬಲವಾದರೆ ಒಕ್ಕೂಟ ಬಾಳದೆಂಬುದು ಅವನಿಗೆ ಮನವರಿಕೆಯಾಯಿತು.

1787ರ ಬೇಸಗೆಯಲ್ಲಿ ಫಿಲಡೆಲ್ಫಿಯದಲ್ಲಿ ರಾಜ್ಯಾಂಗ ಸಭೆ ನೆರೆಯಿತು. ರಾಜ್ಯಗಳ ಶಾಸನಗಳನ್ನು ತಳ್ಳಿಹಾಕುವ ಅಧಿಕಾರ ಕೇಂದ್ರಕ್ಕಿರಬೇಕೆಂದು ಮ್ಯಾಡಿಸನ್ ವಾದಿಸಿದನು, ಸಭೆ ಒಪ್ಪಲಿಲ್ಲ. ಸೆನೆಟ್ಟಿನಲ್ಲಿ ಎಲ್ಲ ರಾಜ್ಯಗಳಿಗೂ ಸಮಾನ ಸ್ಥಾನ ಸಲ್ಲದೆಂದನು; ಅಲ್ಲಿಯೂ ಸೋತನು. ಆದರೆ ಮುನಿದು ಮನೆಗೆ ಹೋಗದೆ, ತನಗೆ ಪೂರ್ಣವಾಗಿ ಒಪ್ಪಿಗೆಯಾಗದ ಆ ರಾಜ್ಯಾಂಗವನ್ನೇ ಸಮರ್ಥಿಸಿ, ಹ್ಯಾಮಿಲ್ಟನ್ ಮತ್ತು ಜೇ ಅವರೊಡನೆ ‘ಫೆಡರಲಿಸ್ಟ್’ ಲೇಖನಮಾಲೆಯನ್ನು ಬರೆದನು. ಮಾರನೆಯ ವರ್ಷ ವರ್ಜೀನಿಯದ ಸಭೆಯಲ್ಲಿ ಮಹಾವಾಗ್ಮಿ ಪ್ಯಾಟ್ರಿಕ್ ಹೆನ್ರಿಗೆ ಇದಿರು ನಿಂತನು. ರಾಜ್ಯಾಂಗಕ್ಕೆ 89 ಮತಗಳು, ವಿರುದ್ಧವಾಗಿ 79 ಮತಗಳು ಬಂದವು. ತರುವಾಯ, ಸೋತವರ ಶಂಕೆಗೂ ಬೆಲೆಕೊಟ್ಟು, ಪ್ರಜೆಗಳ ಹಕ್ಕುಗಳ ತಿದ್ದುಪಡಿಗಳನ್ನು ತಾನೇ ಮಂಡಿಸಿದನು. 1791ರಲ್ಲಿ ಅಂಗೀಕೃತವಾದ ಹತ್ತನೆಯ ತಿದ್ದುಪಡಿ, ಕೇಂದ್ರಕ್ಕೆ ಕೊಡದೆಯೂ ರಾಜ್ಯಗಳಿಗೆ ನಿಷೇಧಿಸದೆಯೂ ಉಳಿದ ಅಧಿಕಾರ ರಾಜ್ಯಗಳದು ಅಥವಾ ಜನರದು ಎಂದು ವಿಧಿಸಿತು.

1798ರಲ್ಲಿ ಸರ್ಕಾರದ ಟೀಕಾಕಾರರನ್ನು ಸೆರೆಗೆ ತಳ್ಳಬಲ್ಲ ಶಾಸನವೊಂದು ಕೇಂದ್ರದಿಂದ ಹೊರಟಿತು. ಆಗ ಮ್ಯಾಡಿಸನ್ ಗುಪ್ತವಾಗಿ ವರ್ಜೀನಿಯದ ನಿರ್ಣಯವನ್ನು ರಚಿಸಿ, ಎಲ್ಲೆ ಮೀರಿದ ಕೇಂದ್ರವನ್ನು ತಡೆಯುವುದು ರಾಜ್ಯಗಳ ಕರ್ತವ್ಯವೆಂದು ಸಾರಿದನು. 1809ರಲ್ಲಿ ತಾನೇ ಅಧ್ಯಕ್ಷನಾದನು. 1812ರಲ್ಲಿ ಇಂಗ್ಲೆಂಡಿನೊಡನೆ ಯುದ್ಧ ಹೂಡಿದಾಗ ಮ್ಯಾಸಚೂಸೆಟ್ಸ್, ಕನೆಕ್ಟಿಕಟ್‌ಗಳ ಗವರ್ನರುಗಳು ಕೇಂದ್ರಕ್ಕೆ ತಮ್ಮ ಸೇನಾದಳಗಳನ್ನು ಒಪ್ಪಿಸಲಿಲ್ಲ. 1814ರಲ್ಲಿ ಶತ್ರುಗಳು ರಾಜಧಾನಿಗೆ ಬೆಂಕಿಯಿಟ್ಟರು. ಇಷ್ಟಾದರೂ, 1817ರಲ್ಲಿ ಅಧಿಕಾರ ಬಿಡುವ ಹಿಂದಿನ ದಿನ, ರಸ್ತೆ ಕಾಲುವೆಗಳಿಗೆ ಹಣವೊದಗಿಸುವ ಮಸೂದೆಯನ್ನು, ರಾಜ್ಯಾಂಗ ಕೇಂದ್ರಕ್ಕೆ ಅಂಥ ಅಧಿಕಾರ ಕೊಟ್ಟಿಲ್ಲವೆಂದು ಹಿಂದಿರುಗಿಸಿದನು.

ಕಡೆಯ ಪರೀಕ್ಷೆ ಬಂದುದು 1832ರಲ್ಲಿ. ದಕ್ಷಿಣ ಕೆರೊಲಿನ ರಾಜ್ಯ, ಕೇಂದ್ರದ ಸುಂಕದ ಶಾಸನ ತನ್ನ ಗಡಿಯೊಳಗೆ ಅಸಿಂಧುವೆಂದು ಘೋಷಿಸಿತು. ಅದರ ನಾಯಕರು ಆಧಾರವಾಗಿ ತೋರಿಸಿದ್ದು 1798ರ ನಿರ್ಣಯಗಳನ್ನು! ಸಂಧಿವಾತದಿಂದ ನರಳುತ್ತಿದ್ದ 81 ವರ್ಷದ ಮುದುಕ ಸುಮ್ಮನಿರಲಿಲ್ಲ. ರಾಜ್ಯಗಳು ಕೂಡಿ ಅನ್ಯಾಯವನ್ನು ಪ್ರತಿಭಟಿಸುವುದು ಬೇರೆ, ಒಂದು ರಾಜ್ಯ ತಾನೇ ನ್ಯಾಯಾಧಿಪತಿಯಾಗಿ ಎಲ್ಲರ ಶಾಸನವನ್ನು ಮುರಿಯುವುದು ಬೇರೆ ಎಂದು ಪತ್ರಗಳಲ್ಲಿ ಮತ್ತೆ ಮತ್ತೆ ವಿವರಿಸಿದನು.

ಆದರೆ ರಾಜ್ಯಗಳ ಹಕ್ಕೆಂಬ ಮಾತಿನ ಮರೆಯಲ್ಲಿ ಗುಲಾಮಗಿರಿ ಬೆಳೆಯುತ್ತಿತ್ತು. ಅದು ಕೇಡೆಂದು ಬಲ್ಲ ಮ್ಯಾಡಿಸನ್ ತನ್ನ ಗುಲಾಮರನ್ನು ಮರಣಶಾಸನದಲ್ಲಿ ಕೂಡ ಬಿಡುಗಡೆ ಮಾಡಲಿಲ್ಲ. 1836ರ ಜೂನ್ 28ರಂದು ಅವನು ತೀರಿಕೊಂಡನು. 25 ವರ್ಷಗಳಲ್ಲಿ ಅದೇ ಗುಲಾಮಗಿರಿಯಿಂದ ಒಕ್ಕೂಟ ಅಂತರ್ಯುದ್ಧಕ್ಕೆ ಬಿದ್ದಿತು. ಚಂಚಲನೆಂಬ ಆಪಾದನೆ ಅವನಿಗೆ ಸಲ್ಲದು. ತಕ್ಕಡಿಯ ಯಾವ ತಟ್ಟೆ ಏರಿದರೆ ಅದಕ್ಕೆ ತೂಕವಿಟ್ಟವನು ಅವನು. ತಟ್ಟೆಗಳೆರಡರಲ್ಲಿಯೂ ಸ್ಥಾನ ದೊರೆಯದೆ ಹೋದ ಮನುಷ್ಯರಿದ್ದರೆಂಬುದೇ ಆ ತೂಕದ ದೋಷ.