ವಚನಕ್ಕೆ ನಾದವಿತ್ತ ಮಲ್ಲಿಕಾರ್ಜುನ ಮನ್ಸೂರರು

ಧಾರವಾಡಕ್ಕೆ ಸಮೀಪದ ಮನ್ಸೂರು ಗ್ರಾಮದಲ್ಲಿ 1910ನೆಯ ಇಸವಿ ಡಿಸೆಂಬರ್ 31ರಂದು ಜನಿಸಿದ ಮಲ್ಲಿಕಾರ್ಜುನರ ತಂದೆ ಭೀಮರಾಯಪ್ಪನವರು ಒಕ್ಕಲುತನದವರು, ಸಂಗೀತದಲ್ಲಿ ಅಪಾರ ಒಲವುಳ್ಳವರು. ಅಣ್ಣ ಬಸವರಾಜರದು ನಾಟಕ ಮಂಡಳಿ. ಬಾಲಕನು ಒಂಬತ್ತರ ಪ್ರಾಯದಲ್ಲಿಯೇ ರಂಗವನ್ನೇರಿದನು. ರಂಗಗೀತೆಯನ್ನು ಹಾಡುವವನು ನುಡಿಯನ್ನು ನುಂಗುವಂತಿಲ್ಲ. ಪಾತ್ರದ ಅಳಲು ಕಟ್ಟಕಡೆಯಲ್ಲಿ ಕುಳಿತ ಪ್ರೇಕ್ಷಕನಿಗೂ ಮುಟ್ಟಬೇಕು. ಈ ಪಾಠವು ಮುಂದೆ ಅನಿರೀಕ್ಷಿತವಾದೆಡೆಯಲ್ಲಿ ಫಲ ಕೊಟ್ಟಿತು.

ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತದ ಪ್ರಾರಂಭಶಿಕ್ಷಣ, ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯ ಅಭ್ಯಾಸ, ಬಳಿಕ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನ್ ಮತ್ತು ಭುರ್ಜೀಖಾನರಲ್ಲಿ ಜೈಪುರ ಘರಾಣೆಯ ದೀಕ್ಷೆ. ಮಂಜೀಖಾನರ ಅಕಾಲ ಮರಣವು ಶಿಷ್ಯನಿಗೆ ದೊಡ್ಡ ಆಘಾತವಾಯಿತು. ಖ್ಯಾಲಿನಲ್ಲಿ ರಾಗವೇ ಒಡೆಯ. ಚೀಜಿನ ಎರಡು ಸಾಲು ಸ್ವರಕ್ಕೆ ಆಸರೆಯಷ್ಟೆ. ಸ್ವರವನ್ನೂ ಲಯವನ್ನೂ ಒಂದರೊಳಗೊಂದು ಹೆಣೆಯುವ ಈ ಗಾಯಕಿಯಲ್ಲಿ, ಅಪ್ರಚಲಿತ ರಾಗಗಳಲ್ಲಿ, ಅವರು ಪಾರಂಗತರಾದರು.

ಅಂಥವರು ವಚನಗಳನ್ನು ಹಾಡಲು ಕೈಗೊಂಡರು. ಕಾರ್ಯ ಸುಲಭದ್ದಲ್ಲ. ವಚನಕ್ಕೆ ಕೀರ್ತನೆಯಂತೆ ಪಲ್ಲವಿ-ಚರಣಗಳ ಕಟ್ಟಿಲ್ಲ, ಛಂದಸ್ಸಿನ ನಿಯತ ಗಣವಿಲ್ಲ. ಅದು ಮಾತಿನ ಉಸಿರಿನಲ್ಲಿ ನಡೆಯುವ ಗದ್ಯ. ತಾನುಗಳನ್ನು ಹೇರಿದರೆ ವಾಕ್ಯವು ನಡುವೆಯೇ ತುಂಡಾಗಿ ಅರ್ಥ ಚೆದುರುತ್ತದೆ. ಬರಿದೆ ಒಪ್ಪಿಸಿದರೆ ಪಾಠಶಾಲೆಯ ಕಂಠಪಾಠವಾಗುತ್ತದೆ. ಇವೆರಡರ ನಡುವಣ ದಾರಿ ಬಹಳ ಕಿರಿದು. ಪಾಂಡಿತ್ಯ ಹೆಚ್ಚಿದಷ್ಟೂ ಅದನ್ನು ತಡೆಹಿಡಿಯುವುದು ಕಷ್ಟವೆಂಬುದು ಸಂಗೀತಗಾರರೆಲ್ಲ ಬಲ್ಲ ಮಾತು.

ಅಕ್ಕಮಹಾದೇವಿಯ ಕನಸಿನ ವಚನವನ್ನು ಮನ್ಸೂರರ ಕಂಠದಲ್ಲಿ ಕೇಳಿದವರಿಗೆ ಆ ದಾರಿಯ ಪರಿಚಯವಿದೆ. ಅಲ್ಲಿ ಅಕ್ಕನು ಕಂಡ ಕನಸನ್ನು ಗೆಳತಿಯೊಬ್ಬಳಿಗೆ ಹೇಳಿಕೊಳ್ಳುತ್ತಾಳೆ: ಮನೆಗೆ ಭಿಕ್ಷೆಗೆ ಬಂದ ಜಡೆಯ ಗೊರವನು, ಅವನ ಬೆಂಬತ್ತಿ ಕೈ ಹಿಡಿದುದು, ಕೊನೆಗೆ ಕಣ್ಣು ತೆರೆದುದು. ಗೆಳತಿಯನ್ನು ಕರೆಯುವ ಮೊದಲ ನುಡಿಯೇ ಹಾಡಿಕೆಯಲ್ಲಿ ಪಲ್ಲವಿಯಾಗಿ ಮರಳುತ್ತದೆ. ಓದುವಾಗ ಒಮ್ಮೆ ಬಂದು ಹೋಗುವ ಆ ಸಂಬೋಧನೆಯು, ಮರಳಿದಾಗಲೆಲ್ಲ ಹೇಳಿಯೂ ಹೇಳಿ ತೀರದವಳ ತವಕವಾಗುತ್ತದೆ. ಪದ ಅದೇ, ಸ್ವರ ಬೇರೆಯಾದಂತೆ ಭಾವ ಬೆಳೆಯುತ್ತದೆ. ಆಕೆಯ ಅಂಕಿತದಲ್ಲಿರುವ ಹೆಸರೇ ಗಾಯಕರ ಹೆಸರೂ ಆಗಿರುವುದು ಕೇವಲ ಆಕಸ್ಮಿಕ. ಆದರೂ ಆ ಅಂಕಿತ ಬರುವ ಗಳಿಗೆಯಲ್ಲಿ ಕೇಳುಗರಿಗೆ ಅದರ ನೆನಪಾಗದಿರದು.

ಪದ್ಮಶ್ರೀ 1970ರಲ್ಲಿ, ಪದ್ಮಭೂಷಣ 1976ರಲ್ಲಿ, ಪದ್ಮವಿಭೂಷಣ 1992ರಲ್ಲಿ ಬಂದವು. ತಮ್ಮ ಬಾಳನ್ನು ‘ನನ್ನ ರಸಯಾತ್ರೆ’ ಎಂಬ ಹೊತ್ತಗೆಯಲ್ಲಿ ಅವರೇ ಕನ್ನಡದಲ್ಲಿ ನಿರೂಪಿಸಿದ್ದಾರೆ. ಕೊನೆಯ ಪ್ರಶಸ್ತಿ ಬಂದ ವರ್ಷವೇ, ಸೆಪ್ಟೆಂಬರ್ 12ರಂದು ಅವರು ಲಿಂಗೈಕ್ಯರಾದರು. ಧ್ವನಿಮುದ್ರಿತವಾಗಿ ಉಳಿದ ಆ ವಚನವು ಇಂದಿಗೂ ಕನ್ನಡಿಗರ ಮನೆಗಳಲ್ಲಿ ಕೇಳಿಬರುತ್ತದೆ.