ದೂರದಿಂದಲೇ ಸೇತುವೆ ಕಾಯ್ದವರ ಕಣ್ಣಾಗಿದ್ದ ಎಮಿಲಿ

ಲೇಸರ್ ಸ್ಕ್ಯಾನಿಂಗ್ ಮತ್ತು ವರ್ಚುವಲ್ ರಿಯಾಲಿಟಿ ನೆರವಿನಿಂದ ಎಂಜಿನಿಯರುಗಳು ಇಂದು ಕಚೇರಿಯಲ್ಲೇ ಕುಳಿತು ಸೇತುವೆಯ ಬಿರುಕನ್ನು ಪರಿಶೀಲಿಸಬಲ್ಲರು. ನ್ಯೂಯಾರ್ಕ್‌ನ ಬ್ರೂಕ್ಲಿನ್ ಸೇತುವೆ ಕಟ್ಟುವಾಗ ಈ ಸೌಕರ್ಯವಿರಲಿಲ್ಲ. ಆ ಹೊಣೆ ಹೊತ್ತವರು ಎಮಿಲಿ ವಾರೆನ್ ರೋಬ್ಲಿಂಗ್.

1843ರಲ್ಲಿ ಜನಿಸಿದ ಎಮಿಲಿ, 1865ರಲ್ಲಿ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರನ್ನು ವರಿಸಿದರು. ಸೇತುವೆಯ ವಿನ್ಯಾಸಕಾರರಾದ ಮಾವ ಜಾನ್ ರೋಬ್ಲಿಂಗ್ 1869ರಲ್ಲಿ ಕಾಲಿಗೆ ಪೆಟ್ಟಾಗಿ ಧನುರ್ವಾಯುವಿನಿಂದ ನಿಧನರಾದಾಗ ಮುಖ್ಯ ಎಂಜಿನಿಯರ್ ಹುದ್ದೆ ಮಗನ ಹೆಗಲೇರಿತು. ನದಿಯ ತಳದಲ್ಲಿ ಒತ್ತಡದ ಗಾಳಿ ತುಂಬಿದ ಕೋಣೆಗಳಲ್ಲಿ ದುಡಿದ ವಾಷಿಂಗ್ಟನ್ 1872ರಲ್ಲಿ ತೀವ್ರ ಅಸ್ವಸ್ಥರಾಗಿ ಮನೆ ಹಿಡಿದರು.

ಬ್ರೂಕ್ಲಿನ್‌ನ ಮನೆಯ ಕಿಟಕಿಯಿಂದ ಅವರು ದುರ್ಬೀನಿನಲ್ಲಿ ಕಾಮಗಾರಿ ನೋಡುತ್ತಿದ್ದರು. ಆದರೆ ತಂತಿಹಗ್ಗದ ಹೆಣಿಗೆಯಾಗಲಿ, ಕೆಲಸಗಾರರ ಸಂದೇಹಗಳಾಗಲಿ ದುರ್ಬೀನಿಗೆ ಕಾಣುವಂಥವಲ್ಲ. ಎಮಿಲಿ ಗಣಿತ, ವಸ್ತುಗಳ ಬಲ ಹಾಗೂ ತಂತಿಹಗ್ಗಗಳ ರಚನೆಯನ್ನು ಅಭ್ಯಸಿಸಿದರು. ಪತಿಯ ಸೂಚನೆಗಳನ್ನು ಕಾಮಗಾರಿ ಸ್ಥಳಕ್ಕೆ ಒಯ್ದು, ಅಲ್ಲಿನ ಪ್ರಶ್ನೆಗಳನ್ನು ಮನೆಗೆ ತಂದರು. ವರ್ಷಗಟ್ಟಲೆ ಈ ಓಡಾಟ ನಡೆಯಿತು.

1882ರಲ್ಲಿ ಅನಾರೋಗ್ಯದ ಕಾರಣವೊಡ್ಡಿ ವಾಷಿಂಗ್ಟನ್ ಅವರನ್ನು ಪದಚ್ಯುತಗೊಳಿಸುವ ಯತ್ನ ನಡೆದಾಗ ಎಮಿಲಿ ಅವರ ಪರ ನಿಂತರು. ಮಂಡಳಿಯು ಮತಕ್ಕೆ ಹಾಕಿ ವಾಷಿಂಗ್ಟನ್ ಅವರನ್ನೇ ಉಳಿಸಿಕೊಂಡಿತು. 1883ರ ಮೇ 24ರಂದು ಸೇತುವೆ ಲೋಕಾರ್ಪಣೆಗೊಂಡಿತು. ಸುಮಾರು 1,595 ಅಡಿಯ ಅದರ ನಡುಹರವು ಆಗ ಜಗತ್ತಿನಲ್ಲೇ ಅತಿ ಉದ್ದದ್ದು. ಸಾರೋಟಿನಲ್ಲಿ ಅದನ್ನು ಮೊದಲು ದಾಟಿದವರು ಎಮಿಲಿ.

ಮುಂದೆ ಕಾನೂನು ವ್ಯಾಸಂಗವನ್ನೂ ಪೂರೈಸಿದ ಅವರು 1903ರಲ್ಲಿ ನಿಧನರಾದರು. ಸೇತುವೆಯ ಮೇಲೆ ಅವರ ಸ್ಮರಣಾರ್ಥ ಫಲಕ ಬರಲು 1951ರವರೆಗೆ ಕಾಯಬೇಕಾಯಿತು.