ಡೌರೊ ಕಣಿವೆಯ ‘ಫೆರೇರಿನ್ಯಾ’

ಎಣ್ಣೆಯನ್ನೋ ನೀರನ್ನೋ ತುಂಬಿಡುವ ದೊಡ್ಡ ಪಾತ್ರೆಗೆ ನಾವು ಪೀಪಾಯಿ ಎನ್ನುತ್ತೇವೆ. ಈ ಮಾತು ಪೋರ್ಚುಗೀಸರ ‘ಪೀಪಾ’ ಎಂಬುದರಿಂದ ನಮ್ಮಲ್ಲಿಗೆ ಬಂದುದು. ಅವರ ನಾಡಿನಲ್ಲಿ ಪೀಪಾ ಎಂದರೆ ದ್ರಾಕ್ಷಾಮದ್ಯವನ್ನು ತುಂಬುವ ಮರದ ಪಾತ್ರೆ. ಸುಮಾರು 550 ಲೀಟರಿನ ಒಂದು ಅಳತೆಯೂ ಹೌದು. ಪೋರ್ಚುಗಲ್ಲಿನ ಉತ್ತರ ಭಾಗದಲ್ಲಿ ಹರಿಯುವ ಡೌರೊ ನದಿಯ ದಡದ ಜನಕ್ಕೆ ಸಂಪತ್ತನ್ನೂ ಸಂಕಟವನ್ನೂ ಅಳೆಯುವ ಮಾನ ಅದೇ ಆಗಿದ್ದಿತು. ಆ ಕಣಿವೆಯಲ್ಲಿ ಸಾವಿರಾರು ಪೀಪಾಗಳ ಒಡತಿಯಾಗಿ, ಜನರ ಬಾಯಲ್ಲಿ ‘ಫೆರೇರಿನ್ಯಾ’ ಎಂಬ ಮುದ್ದಿನ ಹೆಸರಿನಿಂದ ಉಳಿದವಳು ದೋನಾ ಆಂಟೋನಿಯಾ ಅಡಿಲೇಡ್ ಫೆರೇರಾ. ಮದ್ಯದ ಗುಣದೋಷಗಳ ವಿಚಾರ ಇಲ್ಲಿ ಪ್ರಸ್ತುತವಲ್ಲ. ಒಂದು ಬೆಳೆಯನ್ನು ನಂಬಿದ ನಾಡು ಆ ಬೆಳೆಯೊಡನೆ ಅಳಿಯಲಿದ್ದಾಗ ಒಬ್ಬ ಹೆಂಗಸು ಏನು ಮಾಡಿದಳೆಂಬುದೇ ನಮಗೆ ಮುಖ್ಯ.

ಡೌರೊ ಸ್ಪೇನಿನಲ್ಲಿ ಹುಟ್ಟಿ, ಪೋರ್ಟೊ ನಗರದ ಬಳಿ ಅಟ್ಲಾಂಟಿಕ್ ಸಾಗರವನ್ನು ಸೇರುವ ನದಿ. ಅದರ ಮೇಲ್ಕಣಿವೆಯಲ್ಲಿ ಮಣ್ಣಿಗಿಂತ ಪದರಗಲ್ಲೇ ಹೆಚ್ಚು. ಬೇಸಗೆಯಲ್ಲಿ ಬೆಂಕಿಯಂಥ ಬಿಸಿಲು, ಚಳಿಗಾಲದಲ್ಲಿ ಕೊರೆಯುವ ಚಳಿ. ಆ ಕಡಿದಾದ ಗುಡ್ಡಗಳನ್ನು ಕೂಲಿಯಾಳುಗಳು ತಲೆಮಾರುಗಳ ಕಾಲ ಒಡೆದು, ಕಲ್ಲಿನ ಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ತೋಟಗಳನ್ನು ಮಾಡಿದರು. ಅಲ್ಲಿ ಬೆಳೆದ ದ್ರಾಕ್ಷಿಯನ್ನು ಕಲ್ಲಿನ ತೊಟ್ಟಿಗಳಲ್ಲಿ ಕಾಲಿನಿಂದ ತುಳಿದು ರಸ ತೆಗೆಯುತ್ತಿದ್ದರು. ರಸವು ಹುದುಗುತ್ತಿರುವಾಗಲೇ, ಅದರ ಸಿಹಿಯು ಪೂರ್ತಿ ಕರಗುವ ಮುನ್ನ, ದ್ರಾಕ್ಷಿಯಿಂದಲೇ ಬಟ್ಟಿಯಿಳಿಸಿದ ಸಾರವನ್ನು ಬೆರೆಸಿದರೆ ಹುದುಗು ನಿಲ್ಲುತ್ತದೆ. ಸಿಹಿ ಉಳಿಯುತ್ತದೆ, ಬಲವೂ ಕೂಡುತ್ತದೆ. ಇದೇ ಲೋಕಪ್ರಸಿದ್ಧವಾದ ‘ಪೋರ್ಟ್’. ಇದರ ಕೀರ್ತಿಯನ್ನು ಕಾಯುವುದಕ್ಕಾಗಿ ಪೋರ್ಚುಗಲ್ಲಿನ ಮಂತ್ರಿ ಪೊಂಬಾಲ್ 1756ರಲ್ಲಿಯೇ ಈ ಸೀಮೆಗೆ ಎಲ್ಲೆ ಕಟ್ಟಿಸಿದ್ದನು. ಆದರೆ ಮದ್ಯಕ್ಕೆ ಹೆಸರು ಬಂದುದು ಬೆಳೆದ ಕಣಿವೆಯಿಂದಲ್ಲ, ಸಾಗಿಸಿದ ಬಂದರಿನಿಂದ. ಪೀಪಾಗಳು ದೋಣಿಯೇರಿ ಇಳಿದು ಬಂದು, ಪೋರ್ಟೊವಿನ ಎದುರುದಡದ ಗಾಯಾ ಎಂಬಲ್ಲಿನ ಉಗ್ರಾಣಗಳಲ್ಲಿ ವರ್ಷಗಟ್ಟಲೆ ಮಾಗುತ್ತಿದ್ದುವು. ಅಲ್ಲಿಂದ ಇಂಗ್ಲೆಂಡಿಗೆ ಸಾಗಿಸುವ ವ್ಯಾಪಾರದಲ್ಲಿ ಇಂಗ್ಲಿಷ್ ವರ್ತಕರದೇ ಮೇಲುಗೈ. ಬೆಲೆ ನಿಶ್ಚಯವಾಗುತ್ತಿದ್ದುದು ಕೆಳಗೆ. ಬೆವರು ಸುರಿಯುತ್ತಿದ್ದುದು ಮೇಲೆ.

ಈ ಮೇಲ್ಕಣಿವೆಯ ರೇಗುವಾ ಎಂಬ ಊರಿನ ಬಳಿ 1811ರಲ್ಲಿ ಆಂಟೋನಿಯಾ ಹುಟ್ಟಿದಳು. ಮನೆತನ ಶ್ರೀಮಂತವಾದುದು, ತೋಟಗಳೂ ವ್ಯಾಪಾರವೂ ಹಿಂದಿನಿಂದ ಬಂದುವು. ಆಸ್ತಿ ಚೆದರಬಾರದೆಂಬ ಎಣಿಕೆಯಿಂದಲೋ ಏನೋ, 1834ರಲ್ಲಿ ಹತ್ತಿರದ ಸಂಬಂಧಿಯೇ ಆದ ಆಂಟೋನಿಯೊ ಬೆರ್ನಾರ್ಡೊ ಫೆರೇರಾನೊಡನೆ ಆಕೆಯ ವಿವಾಹವಾಯಿತು. ಆತನಿಗೆ ತೋಟದ ಧೂಳಿಗಿಂತ ಪಟ್ಟಣದ ಬೆಡಗು ಹೆಚ್ಚು ಪ್ರಿಯವಾಗಿದ್ದಿತು. 1844ರಲ್ಲಿ ಆತನು ತೀರಿಕೊಂಡಾಗ ಆಂಟೋನಿಯಾಗೆ 33 ವರ್ಷ. ಮಡಿಲಲ್ಲಿ ಒಬ್ಬ ಮಗ, ಒಬ್ಬ ಮಗಳು. ಆ ಕಾಲದ ವಿಧವೆಗೆ ಲೋಕವು ವಿಧಿಸಿದ್ದ ದಾರಿಯೆಂದರೆ ಲೆಕ್ಕಪತ್ರಗಳನ್ನು ಗಂಡಸರಿಗೊಪ್ಪಿಸಿ ಒಳಮನೆಯನ್ನು ಸೇರುವುದು. ಆಕೆ ಹಾಗೆ ಮಾಡಲಿಲ್ಲ. ತೋಟದಿಂದ ತೋಟಕ್ಕೆ ತಿರುಗಿದಳು. ಕೊಯ್ಲನ್ನೂ ಉಗ್ರಾಣವನ್ನೂ ತಾನೇ ನೋಡಿಕೊಂಡಳು.

ಐಶ್ವರ್ಯವು ಆಕೆಗೆ ಅಪಾಯವನ್ನೂ ತಂದಿತು. 1854ರಲ್ಲಿ, ಅಂದು ದೇಶದ ಪ್ರಧಾನಿಯಾಗಿದ್ದ ಸಾಲ್ದಾನ್ಯಾ ಪ್ರಭುವು ತನ್ನ ಮಗನಿಗೆ ಆಂಟೋನಿಯಾಳ ಮಗಳನ್ನು ತಂದುಕೊಳ್ಳಬೇಕೆಂದು ಬಯಸಿದನು. ಹುಡುಗಿಗೆ ಆಗಿನ್ನೂ ಹನ್ನೊಂದರ ಆಸುಪಾಸು. ತಾಯಿ ಒಪ್ಪದಿರಲು ಬಲವಂತವಾಗಿ ಕರೆದೊಯ್ಯುವ ಯತ್ನವೂ ನಡೆಯಿತು. ಆಂಟೋನಿಯಾ ಮಗಳೊಡನೆ ಗಡಿ ದಾಟಿ ಸ್ಪೇನಿಗೂ, ಅಲ್ಲಿಂದ ಲಂಡನ್ನಿಗೂ ಹೋದಳು. ಅಧಿಕಾರಕ್ಕೆ ಮಗಳನ್ನು ಒಪ್ಪಿಸಲಿಲ್ಲ. ಮುಂದೆ 1856ರಲ್ಲಿ ತನ್ನ ವ್ಯವಹಾರಗಳಿಗೆ ನೆರವಾಗಿದ್ದ ಸಿಲ್ವಾ ತೋರೆಸ್‌ನನ್ನು ಮದುವೆಯಾಗಿ ತಾಯ್ನಾಡಿನ ಕೆಲಸಕ್ಕೆ ಮರಳಿದಳು.

1861ರ ಮೇ 12ರಂದು ಆಕೆ ವೆಸೂವಿಯೊ ಎಂಬ ತನ್ನ ತೋಟದಿಂದ ದೋಣಿಯಲ್ಲಿ ಹೊರಟಿದ್ದಳು. ಜೊತೆಯಲ್ಲಿದ್ದವನು ಇಂಗ್ಲೆಂಡಿನಿಂದ ಬಂದು ನೆಲೆಸಿ, ಡೌರೊ ನದಿಯ ಪ್ರಸಿದ್ಧ ಭೂಪಟವನ್ನು ರಚಿಸಿದ ಜೋಸೆಫ್ ಫಾರೆಸ್ಟರ್. ವಲೇರಾ ಎಂಬ ಬಂಡೆಗಳ ಇಕ್ಕಟ್ಟಿನಲ್ಲಿ ದೋಣಿ ಮಗುಚಿತು. ನದಿಯ ತಿರುವುಗಳನ್ನು ಅವನಷ್ಟು ಬಲ್ಲವರು ವಿರಳ, ಆದರೂ ನದಿ ಅವನನ್ನೇ ನುಂಗಿತು, ದೇಹವೂ ದೊರೆಯಲಿಲ್ಲ. ಆಂಟೋನಿಯಾ ಬದುಕಿದಳು. ಆಕೆಯ ಅಗಲವಾದ ಲಂಗದಲ್ಲಿ ಗಾಳಿ ತುಂಬಿ ತೇಲಿಸಿತೆಂದೂ, ಫಾರೆಸ್ಟರನನ್ನು ಸೊಂಟಕ್ಕೆ ಕಟ್ಟಿದ್ದ ಹಣದ ಚೀಲ ಮುಳುಗಿಸಿತೆಂದೂ ಐತಿಹ್ಯವಿದೆ. ನಿಜವಿರಲಿ, ಕಲ್ಪನೆಯಿರಲಿ, ಕಣಿವೆಯ ಜನ ಈ ಕಥೆಯನ್ನು ಇಂದಿಗೂ ಮರೆತಿಲ್ಲ.

ನೀರಿನಿಂದ ಪಾರಾದವಳಿಗೆ ನಿಜವಾದ ಪರೀಕ್ಷೆ ಕಾದಿದ್ದುದು ನೆಲದಲ್ಲಿ. 1860ರ ದಶಕದಲ್ಲಿ ‘ಫಿಲಾಕ್ಸೆರಾ’ ಎಂಬ ಸೂಕ್ಷ್ಮ ಕೀಟ ಡೌರೊವನ್ನು ಹೊಕ್ಕಿತು. ಉತ್ತರ ಅಮೆರಿಕದಿಂದ ಬಂದ ಈ ಹುಳು ಬಳ್ಳಿಯ ಬೇರನ್ನು ಹೀರುತ್ತದೆ. ಮೇಲೆ ಎಲೆ ಹಳದಿಯಾಗುವ ಹೊತ್ತಿಗೆ ಕೆಳಗೆ ಬೇರು ಕೊಳೆತಿರುತ್ತದೆ. ತೋಟದ ಮೇಲೆ ತೋಟ ಒಣಗಿತು. ಸಣ್ಣ ಹಿಡುವಳಿದಾರರು ಊರು ಬಿಟ್ಟರು. ಅಂದು ಪಾಳುಬಿದ್ದ ಕೆಲವು ಮೆಟ್ಟಿಲುಗಳು ಸತ್ತ ತೋಟಗಳೆಂಬ ಹೆಸರಿನಲ್ಲಿಯೇ ಉಳಿದುಕೊಂಡುವು. ಔಷಧ ಕೊನೆಗೆ ದೊರೆತದ್ದು ರೋಗದ ತವರಿನಲ್ಲಿಯೇ. ಅಮೆರಿಕದ ಬಳ್ಳಿಯ ಬೇರು ಈ ಹುಳುವನ್ನು ತಾಳಿಕೊಳ್ಳಬಲ್ಲುದು; ಅದರ ಮೇಲೆ ಯೂರೋಪಿನ ಬಳ್ಳಿಯನ್ನು ಕಸಿಮಾಡಬೇಕು. ಎಂದರೆ ಇದ್ದುದನ್ನೆಲ್ಲ ಕಿತ್ತು ಹೊಸದಾಗಿ ನೆಡಬೇಕು. ಫಲಕ್ಕೆ ವರ್ಷಗಳು ಕಾಯಬೇಕು. ಹಣವುಳ್ಳವರೂ ಹಿಂಜರಿದ ಆ ಹೊತ್ತಿನಲ್ಲಿ ಆಂಟೋನಿಯಾ ನೆಡುವುದನ್ನು ನಿಲ್ಲಿಸಲಿಲ್ಲ, ಕೂಲಿಯನ್ನೂ ನಿಲ್ಲಿಸಲಿಲ್ಲ. ಬೆಳೆ ಹೆಚ್ಚಿ ಬೆಲೆ ಕುಸಿದ ವರ್ಷಗಳಲ್ಲಿ ಬೆಳೆಗಾರರಿಂದ ಮದ್ಯವನ್ನು ತಾನೇ ಕೊಂಡು ಉಗ್ರಾಣ ತುಂಬಿಸುವುದು ಆಕೆಯ ಪದ್ಧತಿಯಾಗಿತ್ತು. ಆಸ್ಪತ್ರೆ, ದಾರಿಗಳಿಗೂ ದಾನವಿತ್ತಳು.

ಆಕೆ ಸರ್ವಸಂಗಪರಿತ್ಯಾಗಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಅಗ್ಗದಲ್ಲಿ ಕೊಂಡ ಮದ್ಯ ಮಾಗಿ ಬೆಲೆ ಬಾಳಿತು. ಕಷ್ಟಕಾಲದಲ್ಲಿ ಮಾರಾಟಕ್ಕೆ ಬಂದ ನೆಲ ಆಕೆಯ ಕೈಸೇರಿತು. ಕೊನೆಗೆ ಇಪ್ಪತ್ತಕ್ಕೂ ಹೆಚ್ಚು ತೋಟಗಳು ಆಕೆಯವಾದುವು. ದಯೆ ಎಲ್ಲಿ ಮುಗಿಯಿತು, ವ್ಯವಹಾರ ಎಲ್ಲಿ ಮೊದಲಾಯಿತು ಎಂದು ಗೆರೆಯೆಳೆಯುವುದು ಸುಲಭವಲ್ಲ. ಆದರೆ ಲಾಭವನ್ನು ಗಳಿಸಿದ ನೆಲಕ್ಕೇ ಅದನ್ನು ಮರಳಿ ಹಾಕಿದಳೆಂಬುದು ನಿರ್ವಿವಾದ. 1877ರಲ್ಲಿ, 66ರ ವಯಸ್ಸಿನಲ್ಲಿ, ಸ್ಪೇನಿನ ಗಡಿಯ ಕಡೆಗೆ ಯಾರೂ ಉಳದಿದ್ದ ಬಂಜರನ್ನು ಕೊಂಡು ‘ವಾಲ್ ಮೆಯಾಂವ್’ ಎಂಬ ತೋಟಕ್ಕೆ ಅಡಿಯಿಟ್ಟಳು. 1880ರಲ್ಲಿ ಎರಡನೆಯ ಪತಿಯೂ ತೀರಿಕೊಂಡನು, ಕೆಲಸ ನಿಲ್ಲಲಿಲ್ಲ. 1896ರ ಮಾರ್ಚ್ 26ರಂದು, 84ನೆಯ ವಯಸ್ಸಿನಲ್ಲಿ, ಆಕೆ ಹುಟ್ಟಿದ ಕಣಿವೆಯಲ್ಲಿಯೇ ಕಣ್ಣು ಮುಚ್ಚಿದಳು.

ಆಮೇಲೆ ಬಹಳಷ್ಟು ಬದಲಾಯಿತು. ಅಣೆಕಟ್ಟುಗಳು ನದಿಯ ಆರ್ಭಟವನ್ನಡಗಿಸಿದುವು. ಫೆರೇರಾ ಸಂಸ್ಥೆ 1987ರಲ್ಲಿ ಬೇರೊಂದು ಪೋರ್ಚುಗೀಸ್ ಸಂಸ್ಥೆಯ ವಶವಾಯಿತು. 2001ರಲ್ಲಿ ಕಣಿವೆಯ ಮೆಟ್ಟಿಲುತೋಟಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಅಂದು ಬಂಜರಾಗಿದ್ದ ವಾಲ್ ಮೆಯಾಂವ್‌ನ ದ್ರಾಕ್ಷಿಯಿಂದಲೇ 1952ರಲ್ಲಿ ‘ಬಾರ್ಕಾ ವೆಲ್ಯಾ’ ಎಂಬ, ಸಾರ ಬೆರೆಸದ ಕೆಂಪು ಮದ್ಯ ಹುಟ್ಟಿ, ಪೋರ್ಟಿನ ನಾಡಿಗೆ ಎರಡನೆಯ ಕೀರ್ತಿಯನ್ನು ತಂದಿತು. ನೆಟ್ಟವಳು ಅದನ್ನು ಕಾಣಲಿಲ್ಲ. ಬಳ್ಳಿ ನೆಡುವವರ ಲೆಕ್ಕವೇ ಅಂಥದು: ಹಣ್ಣಿನ ಕಾಲ ಬೇರೆಯವರದು, ಬೇರಿನ ಕಾಲ ಮಾತ್ರ ತಮ್ಮದು.